ಇಕ್ಕಟ್ಟಾದ ಮಹಾಪಧಮನಿ

ತರೀಕೆರೆಯಿಂದ ಕೆಮ್ಮಣ್ಣುಗುಂಡಿಗೆ ಹೋಗುವ ದಾರಿಯಲ್ಲಿರುವ ಲಿಂಗದಹಳ್ಳಿಯ ಸುತ್ತಣ ಅಡಕೆ ತೋಟಗಳಲ್ಲಿ ಪಂಪಿನಿಂದ ನೀರು ಹಾಯಿಸುವುದನ್ನು ವಾಚಕರು ನೋಡಿರಬಹುದು. ರಬ್ಬರು ಕೊಳವೆಯನ್ನು ನಡುವೆ ಅದುಮಿದರೆ ಪಂಪಿನ ಕಡೆಯ ಭಾಗ ಬಿಗಿದುಕೊಳ್ಳುತ್ತದೆ. ಆಚೆಯ ಭಾಗದಲ್ಲಿ ಒತ್ತಡ ತಗ್ಗುತ್ತದೆ. ಕೆಲವರ ದೇಹದಲ್ಲಿ ಹುಟ್ಟಿನಿಂದಲೇ ಇಂಥ ಸ್ಥಿತಿಯುಂಟು.

ಹೃದಯದಿಂದ ಹೊರಟ ಮಹಾಪಧಮನಿಯು ಕಮಾನಿನಂತೆ ಬಾಗಿ, ತಲೆಗೂ ಕೈಗಳಿಗೂ ಕವಲುಗಳನ್ನು ಕೊಟ್ಟು, ಬೆನ್ನೆಲುಬಿನ ಬದಿಯಲ್ಲಿ ಕೆಳಗಿಳಿಯುತ್ತದೆ. ಸಾಮಾನ್ಯವಾಗಿ ಇಕ್ಕಟ್ಟಾಗುವುದು ಎಡಗೈಯ ಕವಲಿನ ಆಚೆಗೆ. ಆದುದರಿಂದ ಕೈಯಲ್ಲಿ ರಕ್ತದ ಒತ್ತಡ ಹೆಚ್ಚು, ಕಾಲಿನಲ್ಲಿ ಕಡಮೆ. ಮೂತ್ರಪಿಂಡಗಳೂ ಇಕ್ಕಟ್ಟಿನ ಕೆಳಗಿರುವುದರಿಂದ, ರಕ್ತ ಸಾಲದೆಂದು ಭ್ರಮಿಸಿ, ಒತ್ತಡವನ್ನು ಇನ್ನಷ್ಟು ಏರಿಸುವ ರಸವನ್ನು ಸುರಿಸುತ್ತವೆ! ಇಪ್ಪತ್ತು ಮೂವತ್ತರ ವಯಸ್ಸಿನವರಲ್ಲಿ ಒತ್ತಡ ಏರಿರುವಾಗ ಬರಿಯ ಕೈಯನ್ನಳೆದು ಗುಳಿಗೆ ಕೊಟ್ಟರೆ ಮೂಲಕಾರಣ ಮರೆಯಲ್ಲೇ ಉಳಿದೀತು. ಮುಂದೆ ಮಿದುಳಿನ ರಕ್ತಸ್ರಾವಕ್ಕೋ ಹೃದಯದ ಸೋಲಿಗೋ ಅದು ದಾರಿಯಾದೀತು. ಕಾಲಿನ ಒತ್ತಡವನ್ನೂ ಅಳೆಯಲು ಕೆಲವೇ ನಿಮಿಷ ಸಾಕು.

ಇಕ್ಕಟ್ಟಿನಲ್ಲಿ ರಕ್ತ ರಭಸದಿಂದ ನುಗ್ಗುತ್ತದೆ. ಆ ವೇಗವನ್ನು ಶ್ರವಣಾತೀತ ಶಬ್ದದಿಂದ, ಡಾಪ್ಲರ್ ಪರಿಣಾಮದ ನೆರವಿನಿಂದ, ಅಳೆಯುತ್ತಾರೆ. ಸೆಕೆಂಡಿಗೆ ಇಷ್ಟು ಮೀಟರ್ ಎಂಬ ವೇಗವನ್ನು ವರ್ಗ ಮಾಡಿ 4ರಿಂದ ಗುಣಿಸಿದರೆ, ಒತ್ತಡದ ಇಳಿತವು ಪಾದರಸದ ಮಿಲಿಮೀಟರುಗಳಲ್ಲಿ ಸುಮಾರಾಗಿ ದೊರೆಯುತ್ತದೆ. ವೇಗ 3 ಆದರೆ ಇಳಿತ 36. ನಾವು ತರಗತಿಯಲ್ಲಿ ಕಲಿಯುವ ಬರ್ನೂಲಿಯ ನಿಯಮವೇ ಇದು. ಇಳಿತ 20 ಅಥವಾ ಹೆಚ್ಚಾಗಿದ್ದರೆ ಚಿಕಿತ್ಸೆಯ ಯೋಚನೆ ಮಾಡುತ್ತಾರೆ.

1944ರಲ್ಲಿ ಸ್ಟಾಕ್‌ಹೋಮಿನ ಕ್ರಾಫೋರ್ಡ್ ಎದೆಯನ್ನು ತೆರೆದು, ಇಕ್ಕಟ್ಟಾದ ತುಂಡನ್ನು ಕತ್ತರಿಸಿ ತುದಿಗಳನ್ನು ಹೊಲಿದರು. ವಯಸ್ಕರಲ್ಲಿ ಈಗ ಬಹುಮಟ್ಟಿಗೆ ಎದೆಯನ್ನು ತೆರೆಯುವುದೇ ಬೇಡ. ತೊಡೆಯ ಸಂದಿನ ಅಪಧಮನಿಯಲ್ಲಿ ಸಣ್ಣ ರಂಧ್ರ ಮಾಡಿ, ತಂತಿಯೊಂದನ್ನು ಮೇಲಕ್ಕೆ ನಡೆಸಿ, ಅದರ ಜಾಡಿನಲ್ಲಿ ಮಡಿಸಿದ ಬಲೂನನ್ನು ಕಳುಹಿಸುತ್ತಾರೆ. ಬಲೂನಿನ ಮೇಲೆ ಲೋಹದ ಜಾಲರಿ, ಎಂದರೆ ಸ್ಟೆಂಟ್, ಇರುತ್ತದೆ. ಕ್ಷಕಿರಣದಲ್ಲಿ ನೋಡುತ್ತ ಬಲೂನನ್ನು ಉಬ್ಬಿಸಿದರೆ ಜಾಲರಿ ಅರಳಿ ಗೋಡೆಗೆ ಒತ್ತಿ ನಿಲ್ಲುತ್ತದೆ. ಬಲೂನನ್ನು ಕುಗ್ಗಿಸಿ ಹಿಂದೆಗೆಯುತ್ತಾರೆ. ಬರಿಯ ಬಲೂನಿನಿಂದ ಹಿಗ್ಗಿಸಿದರೆ ಸ್ಥಿತಿಸ್ಥಾಪಕವಾದ ಗೋಡೆ ಮತ್ತೆ ಕುಗ್ಗುವುದುಂಟು. ಅತಿಯಾಗಿ ಹಿಗ್ಗಿಸಿದರೆ ಸೀಳುವ ಭಯ. ಆದುದರಿಂದ ನೆರೆಯ ಸರಿಯಾದ ಭಾಗದ ವ್ಯಾಸವನ್ನಳೆದೇ ಬಲೂನನ್ನು ಆರಿಸಬೇಕು. ಗೋಡೆ ದುರ್ಬಲವೆಂದು ಕಂಡರೆ ಬಟ್ಟೆಯಂತಹ ಪೊರೆ ಹೊದಿಸಿದ ಜಾಲರಿಯನ್ನು ಬಳಸುತ್ತಾರೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಈ ಚಿಕಿತ್ಸೆ ದೊರೆಯುತ್ತದೆ.

ದಾರಿ ತೆರೆದರೂ ಎಲ್ಲರ ಒತ್ತಡವೂ ಪೂರ್ತಿ ಇಳಿಯದು. ವರ್ಷಗಟ್ಟಲೆ ಒತ್ತಡ ತಾಳಿದ ಅಪಧಮನಿಗಳು ಪೆಡಸಾಗಿರುತ್ತವೆ. ಅಂಥವರು ಗುಳಿಗೆಯನ್ನು ಮುಂದುವರಿಸಬೇಕಾಗುತ್ತದೆ. ಜಾಲರಿಯ ಜಾಗವನ್ನು ಆಗಾಗ ಚಿತ್ರ ತೆಗೆಸಿ ನೋಡಿಸುತ್ತಿರಬೇಕಾದುದು ಎಲ್ಲರಿಗೂ ತಪ್ಪದು.