ಎರಡು ಚೀಲ ಅವರೆಕಾಳು ಮತ್ತು ಒಂದು ಪ್ರಶ್ನೆ

ಖಾನಾಪುರ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ 10ನೇ ತರಗತಿಗೆ ಅನುವಂಶೀಯತೆ ಘಟಕವನ್ನು ಬೋಧಿಸಿದೆ. ಮೆಂಡಲನ ಬಟಾಣಿ ಗಿಡದ ನಂತರ ಮನುಷ್ಯರ ಉದಾಹರಣೆಗಾಗಿ ಕ್ಸೀರೋಡರ್ಮಾ ಪಿಗ್ಮೆಂಟೋಸಮ್ ಎಂಬ ಅಪರೂಪದ ಕಾಯಿಲೆಯನ್ನು ಆರಿಸಿಕೊಂಡಿದ್ದೆ.

ವಿಷಯಾಂಶ: ಬಿಸಿಲಿನ ನೇರಳಾತೀತ ಕಿರಣಗಳು ಚರ್ಮದ ಜೀವಕೋಶಗಳ ಡಿಎನ್‌ಎಗೆ ಹಾನಿ ಮಾಡುತ್ತವೆ, ಅಕ್ಕಪಕ್ಕದ ಥೈಮಿನ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕಿಣ್ವಗಳು ಆ ತುಂಡನ್ನು ಕತ್ತರಿಸಿ ಹೊಸದನ್ನು ಜೋಡಿಸುತ್ತವೆ. ಈ ಕಾಯಿಲೆಯಲ್ಲಿ ಆ ದುರಸ್ತಿ ಸರಿಯಾಗಿ ನಡೆಯುವುದಿಲ್ಲವೆಂದು 1968ರಲ್ಲಿ ಜೇಮ್ಸ್ ಕ್ಲೀವರ್ ತೋರಿಸಿದರು. ಎಳವೆಯಲ್ಲೇ ಮುಖ, ಕೈಗಳ ಮೇಲೆ ಕಂದು ಚುಕ್ಕೆಗಳು ಏಳುತ್ತವೆ. ರಕ್ಷಣೆ ಇಲ್ಲದಿದ್ದರೆ 10 ವರ್ಷದ ಆಸುಪಾಸಿನಲ್ಲೇ ಚರ್ಮದ ಕ್ಯಾನ್ಸರ್ ಬರಬಹುದು.

ಚಟುವಟಿಕೆ: ತಂದೆಗೊಂದು, ತಾಯಿಗೊಂದು ಚೀಲ. ಪ್ರತಿಯೊಂದರಲ್ಲೂ ಒಂದು ಬಿಳಿ ಕಾಳು, ಒಂದು ಕಪ್ಪು ಬಣ್ಣ ಬಳಿದ ಕಾಳು. ಎರಡೂ ಚೀಲದಿಂದ ಒಂದೊಂದು ಕಾಳು ತೆಗೆದು, ಬರೆದುಕೊಂಡು, ಮರಳಿ ಹಾಕಬೇಕು. 20 ಸಲದಲ್ಲಿ ಎರಡೂ ಕಪ್ಪು ಬಂದದ್ದು 6 ಸಲ. ನಿರೀಕ್ಷೆ 5 ಇತ್ತು. ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಬಂದೇ ಬರುತ್ತದೆ ಎಂದಲ್ಲ, ಪ್ರತಿ ಹೆರಿಗೆಯಲ್ಲೂ ಸಾಧ್ಯತೆ ನಾಲ್ಕರಲ್ಲೊಂದು ಎಂಬುದು ಮಕ್ಕಳಿಗೆ ಇದರಿಂದ ತಿಳಿಯಿತು.

ಆಮೇಲೆ ನಾನು ಕಪ್ಪುಹಲಗೆಯ ಮೇಲೆ "ಕಾರಣ: ರಕ್ತಸಂಬಂಧದ ಮದುವೆ" ಎಂದು ಬರೆದೆ. ಒಬ್ಬ ಹುಡುಗಿ ಎದ್ದು ಕೇಳಿದಳು: "ಟೀಚರ್, ನಮ್ಮವ್ವ ಸೋದರಮಾವನ್ನ ಮದಿವಿ ಆಗ್ಯಾಳ್ರಿ. ನಮ್ಮನ್ಯಾಗೂ ಈ ಜಡ್ಡು ಬರ್ತೈತೇನ್ರಿ?" ತರಗತಿ ಅವಳತ್ತ ತಿರುಗಿತು. "ಬರೋದಿಲ್ಲ, ಕೂತ್ಕೋ" ಎಂದುಬಿಟ್ಟೆ. ಅದು ಉತ್ತರವಾಗಿರಲಿಲ್ಲ.

ಮಾರ್ಗದರ್ಶಕ ಶಿಕ್ಷಕರು ಕೇಳಿದ್ದು ಒಂದೇ ಮಾತು: "ಮದುವೆ ಕಾಳಿಗೆ ಬಣ್ಣ ಬಳಿಯುತ್ತದೆಯೇ?"

ಮರುದಿನ ಆ ಸಾಲನ್ನು ಮಕ್ಕಳೆದುರೇ ತಿದ್ದಿದೆ. ಮದುವೆ ದೋಷವನ್ನು ಹುಟ್ಟಿಸುವುದಿಲ್ಲ. ಹಿರಿಯರೊಬ್ಬರಲ್ಲಿದ್ದ ದೋಷದ ಜೀನ್ ಸಂಬಂಧಿಕರಾದ ಗಂಡಹೆಂಡಿರಿಬ್ಬರಿಗೂ ಬಂದಿರುವ ಸಾಧ್ಯತೆ ಹೆಚ್ಚು, ಅಷ್ಟೆ. ಇಬ್ಬರಲ್ಲೊಬ್ಬರ ಚೀಲದಲ್ಲಿ ಕಪ್ಪು ಕಾಳಿಲ್ಲದಿದ್ದರೆ ಮಗುವಿಗೆ ಕಾಯಿಲೆ ಇಲ್ಲ. ಎರಡರಲ್ಲೂ ಇದ್ದರೆ ಸಂಬಂಧಿಕರಲ್ಲದವರ ಮಗುವಿಗೂ ಬರಬಹುದು. ಆ ಹುಡುಗಿಯೇ ಬಿಳಿ ಕಾಳುಗಳನ್ನಷ್ಟೇ ಒಂದು ಚೀಲಕ್ಕೆ ಹಾಕಿ ಇದನ್ನು ಮಾಡಿ ತೋರಿಸಿದಳು.

ಸಹ ಪ್ರಶಿಕ್ಷಣಾರ್ಥಿಗಳಿಗೆ ಎರಡು ಮಾತು. ಚುಕ್ಕೆ ಕಂಡೊಡನೆ ರೋಗದ ಹೆಸರು ಹೇಳುವುದು ನಮ್ಮ ಕೆಲಸವಲ್ಲ. ಎಳವೆಯಿಂದಲೇ ಚುಕ್ಕೆ ಹೆಚ್ಚುತ್ತ, ಬಿಸಿಲಿನಲ್ಲಿ ಕಣ್ಣು ತೆರೆಯಲಾಗದ ಮಗುವಿದ್ದರೆ ಪಾಲಕರೊಡನೆ ಮಾತಾಡಿ ಚರ್ಮರೋಗ ತಜ್ಞರ ಬಳಿ ಕಳಿಸಬೇಕು. ರೋಗ ಖಚಿತವಾಗಿರುವ ಮಗುವಿಗೆ ಕಿಟಕಿಯಿಂದ ದೂರದ ಜಾಗ, ತುಂಬುತೋಳಿನ ಅಂಗಿ, ಟೋಪಿ, ಪ್ರಾರ್ಥನೆಗೆ ನೆರಳು ಬೇಕು. ಗಾಜು ಎಲ್ಲ ನೇರಳಾತೀತ ಕಿರಣಗಳನ್ನು ತಡೆಯದು. ಇದು ಅಂಟುರೋಗವಲ್ಲ, ಪಕ್ಕದಲ್ಲಿ ಗೆಳತಿ ಕೂರಲಿ.