ವಾಚ್ಯಾರ್ಥದ ಮನಸ್ಸು ಮತ್ತು ಲೋಕವ್ಯವಹಾರ

ಶಬ್ದಕ್ಕೆ ಅಭಿಧೆ, ಲಕ್ಷಣೆ, ವ್ಯಂಜನೆ ಎಂಬ ಮೂರು ಶಕ್ತಿಗಳುಂಟೆಂದು ಆಲಂಕಾರಿಕರು ಹೇಳಿದ್ದಾರೆ. ಇವುಗಳಿಂದ ಕ್ರಮವಾಗಿ ವಾಚ್ಯಾರ್ಥ, ಲಕ್ಷ್ಯಾರ್ಥ ಮತ್ತು ವ್ಯಂಗ್ಯಾರ್ಥಗಳು ಹೊರಡುತ್ತವೆ. ‘ಸೂರ್ಯನು ಮುಳುಗಿದನು’ ಎಂಬುದು ಶಾಸ್ತ್ರಗ್ರಂಥಗಳಲ್ಲಿ ಬರುವ ಹಳೆಯ ಉದಾಹರಣೆ. ಆ ಮಾತು ದನಗಾಹಿಗೆ ಹಸುಗಳನ್ನು ಮನೆಗೆ ಹೊಡೆಯಬೇಕೆಂದೂ, ವರ್ತಕನಿಗೆ ಅಂಗಡಿ ಮುಚ್ಚಬೇಕೆಂದೂ, ಸಾಧಕನಿಗೆ ಪೂಜೆಯ ಹೊತ್ತಾಯಿತೆಂದೂ ತಿಳಿಸುತ್ತದೆ. ಮಾತು ಒಂದೇ, ಸಂದರ್ಭಕ್ಕೆ ತಕ್ಕಂತೆ ಅರ್ಥ ಬೇರೆ. ಇಂತಹ ಧ್ವನಿಯೇ ಕಾವ್ಯದ ಆತ್ಮವೆಂದು ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ಸ್ಥಾಪಿಸಿದನು.

ಆದರೆ ವ್ಯಂಗ್ಯವು ಕಾವ್ಯಕ್ಕೆ ಮಾತ್ರ ಮೀಸಲಾದುದಲ್ಲ. ಲೋಕವ್ಯವಹಾರವೂ ಬಹುಮಟ್ಟಿಗೆ ಅದರ ಮೇಲೆಯೇ ನಿಂತಿದೆ. ಮನೆಯಿಂದ ಹೊರಡುವವನು ‘ಹೋಗುತ್ತೇನೆ’ ಎನ್ನದೆ ‘ಬರುತ್ತೇನೆ’ ಎನ್ನುತ್ತಾನೆ. ‘ನೋಡೋಣ’ ಎಂಬ ಮಾತಿಗೆ ಅನೇಕ ವೇಳೆ ‘ಆಗದು’ ಎಂದೇ ಅರ್ಥ. ‘ಊಟ ಮಾಡಿಕೊಂಡು ಹೋಗಬಹುದಿತ್ತು’ ಎಂಬುದು ಒಮ್ಮೆ ಕರೆ, ಒಮ್ಮೆ ಬೀಳ್ಕೊಡುಗೆ. ಹೆಚ್ಚಿನವರು ಇದನ್ನೆಲ್ಲ ಯಾರೂ ಕಲಿಸದೆಯೇ, ತಾಯ್ನುಡಿಯ ವ್ಯಾಕರಣವನ್ನು ಅರಿಯುವಂತೆ ಅರಿತುಕೊಳ್ಳುತ್ತಾರೆ. ಹಾಗೆ ಅರಿಯಲಾರದ ಕೆಲವರಿದ್ದಾರೆ. ಅವರಿಗೆ ಸಮಾಜವೆಂಬುದು ವ್ಯಾಕರಣಗ್ರಂಥವೇ ಇಲ್ಲದ ಪರಭಾಷೆಯಾಗಿರುತ್ತದೆ.

ವಿದ್ಯಾರ್ಥಿನಿಲಯದ ಆಟದ ಬಯಲನ್ನು ಕಲ್ಪಿಸಿಕೊಳ್ಳಬಹುದು. ಸಂಜೆ ನಿಲಯಪಾಲಕರು ಬಂದು ‘ಏನ್ರಪ್ಪಾ, ಹೊತ್ತು ಮುಳುಗಿತಲ್ಲ?’ ಎನ್ನುತ್ತಾರೆ. ಹುಡುಗರೆಲ್ಲ ಆಟ ನಿಲ್ಲಿಸಿ, ಕೈಕಾಲು ತೊಳೆದು ಪ್ರಾರ್ಥನೆಗೆ ಧಾವಿಸುತ್ತಾರೆ. ಒಬ್ಬನು ಮಾತ್ರ ಪಡುವಣಕ್ಕೆ ತಿರುಗಿ ನೋಡಿ, ‘ಹೌದು ಸಾರ್, ಈಗ ತಾನೆ ಮುಳುಗಿತು’ ಎಂದು ಹೇಳಿ ನಿಂತಲ್ಲಿಯೇ ನಿಲ್ಲುತ್ತಾನೆ. ಅವನನ್ನು ಉದ್ಧಟನೆಂದು ದಂಡಿಸುವುದು ಸುಲಭ. ಆದರೆ ಅವನು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿದ್ದಾನೆ. ದಂಡನೆಯಿಂದ ಅವನು ಕಲಿಯುವುದು ವ್ಯಂಗ್ಯಾರ್ಥವನ್ನಲ್ಲ; ನಿಜ ನುಡಿದರೆ ಪೆಟ್ಟು ಬೀಳುತ್ತದೆಂಬುದನ್ನು.

ಹೆಸರು ಮತ್ತು ಅದರ ತೊಡಕು

ಈ ಬಗೆಯ ಮನೋರಚನೆಯನ್ನು ವೈದ್ಯಶಾಸ್ತ್ರವು ಆಟಿಸಂ ಎಂದು ಕರೆದಿದೆ. ಕನ್ನಡದಲ್ಲಿ ‘ಸ್ವಲೀನತೆ’ ಎಂಬ ಪದ ರೂಢಿಗೆ ಬಂದಿದೆ. ಗ್ರೀಕ್ ಭಾಷೆಯ ‘ಆಟೋಸ್’ ಎಂದರೆ ತಾನು. ೧೯೪೩ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೊ ಕ್ಯಾನರ್ ಹನ್ನೊಂದು ಮಕ್ಕಳನ್ನು ಕುರಿತು ಬರೆದ ಲೇಖನದಿಂದಲೂ, ೧೯೪೪ರಲ್ಲಿ ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಬರೆದ ಪ್ರಬಂಧದಿಂದಲೂ ಇದರ ಅಧ್ಯಯನವು ಬೆಳೆಯಿತು. ತಾಯಂದಿರ ವಾತ್ಸಲ್ಯದ ಕೊರತೆಯೇ ಇದಕ್ಕೆ ಕಾರಣವೆಂಬ ಕ್ರೂರವಾದ ವಾದವೊಂದು ನಡುವೆ ಹಬ್ಬಿತ್ತು. ೧೯೬೪ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ತಮ್ಮ ಗ್ರಂಥದಲ್ಲಿ ಅದನ್ನು ಖಂಡಿಸಿದರು. ಇದು ಹುಟ್ಟಿನಿಂದಲೇ ಬರುವ ಮೆದುಳಿನ ಬೆಳವಣಿಗೆಯ ಭೇದವೆಂಬುದು ಇಂದು ನಿರ್ವಿವಾದ.

ಪದದ ವ್ಯುತ್ಪತ್ತಿಯನ್ನೇ ನಂಬಿ, ಇಂಥವನು ತನ್ನಲ್ಲಿಯೇ ಮುಳುಗಿದವನು, ಜನರ ಒಡನಾಟ ಬೇಡವಾದವನು ಎಂದು ತಿಳಿಯಬಾರದು. ಪಂಕದಲ್ಲಿ ಹುಟ್ಟಿದುದೆಲ್ಲವೂ ಪಂಕಜವಲ್ಲವಷ್ಟೆ. ಸ್ನೇಹವನ್ನು ಹಂಬಲಿಸುತ್ತಲೇ ಅದರ ಬಾಗಿಲು ಎಲ್ಲಿದೆಯೆಂದು ತಿಳಿಯದೆ ಹೊರಗೆ ನಿಂತವರೇ ಇವರಲ್ಲಿ ಅನೇಕರು. ಎಲ್ಲರೂ ಒಂದೇ ತೆರನಾಗಿರುವುದಿಲ್ಲವೆಂಬುದನ್ನೂ ನೆನಪಿಡಬೇಕು. ಮಾತೇ ಬಾರದವರಿದ್ದಾರೆ, ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವರೂ ಇದ್ದಾರೆ.

ಒಂದು ಜೀವನದ ಪಾಠ

ಹಾಗೆ ಪಾಠ ಹೇಳಿದವರಲ್ಲಿ ಅಮೆರಿಕದ ಟೆಂಪಲ್ ಗ್ರಾಂಡಿನ್ ಅವರ ಹೆಸರು ಜಗತ್ಪ್ರಸಿದ್ಧವಾದುದು. ೧೯೪೭ರಲ್ಲಿ ಬಾಸ್ಟನ್ನಿನಲ್ಲಿ ಜನಿಸಿದ ಈಕೆಗೆ ಮೂರು ವರ್ಷ ಕಳೆದರೂ ಮಾತು ಬಂದಿರಲಿಲ್ಲ. ಪ್ರೌಢಶಾಲೆಯ ದಿನಗಳಲ್ಲಿ ತನ್ನನ್ನು ಹೀಯಾಳಿಸಿದ ಹುಡುಗಿಯ ಮೇಲೆ ಪುಸ್ತಕವನ್ನೆಸೆದು ಶಾಲೆಯಿಂದ ಹೊರಹಾಕಲ್ಪಟ್ಟರು. ಹೀಯಾಳಿಸಿದವಳ ಮಾತು ಯಾರ ಕಣ್ಣಿಗೂ ಬೀಳಲಿಲ್ಲ. ಎಸೆದ ಪುಸ್ತಕ ಎಲ್ಲರ ಕಣ್ಣಿಗೂ ಬಿದ್ದಿತು. ಅಧ್ಯಾಪಕರು ಗಮನಿಸಬೇಕಾದ ಮೊದಲ ಪಾಠವಿದು.

ಆಕೆಯ ಬದುಕು ತಿರುಗಿದುದು ಇನ್ನೊಂದು ಶಾಲೆಯ ವಿಜ್ಞಾನದ ಅಧ್ಯಾಪಕ ವಿಲಿಯಂ ಕಾರ್ಲಾಕ್ ಅವರಿಂದ. ಚಿಕ್ಕಮ್ಮನ ಜಾನುವಾರು ಕ್ಷೇತ್ರದಲ್ಲಿ ದನಗಳನ್ನು ಎರಡು ಕಡೆಯಿಂದ ಒತ್ತಿ ಹಿಡಿಯುವ ಕಟಕಟೆಯನ್ನು ಕಂಡ ಗ್ರಾಂಡಿನ್, ಅಂತಹುದೇ ಒತ್ತುಯಂತ್ರವನ್ನು ತನಗಾಗಿ ಮಾಡಿಕೊಂಡಿದ್ದರು. ಅದರ ಒತ್ತಡದಿಂದ ಆಕೆಯ ಮನಸ್ಸಿನ ಕಳವಳ ಶಮನವಾಗುತ್ತಿತ್ತು. ಉಳಿದವರು ಅದನ್ನು ವಿಕಾರವೆಂದು ತಿಳಿದು ಕಸಿಯಬೇಕೆಂದಾಗ, ಕಾರ್ಲಾಕ್ ಅವರು ಒತ್ತಡವು ಏಕೆ ಶಾಂತಿ ನೀಡುತ್ತದೆಂಬುದನ್ನು ಗ್ರಂಥಾಲಯದಲ್ಲಿ ಓದಿ ತಿಳಿಯುವಂತೆ ಪ್ರೇರೇಪಿಸಿದರು. ಗೀಳೆನಿಸಿದ್ದು ಜಿಜ್ಞಾಸೆಯಾಯಿತು. ಗ್ರಾಂಡಿನ್ ೧೯೮೯ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಕೊಲೊರಾಡೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪಶುವಿಜ್ಞಾನದ ಪ್ರಾಧ್ಯಾಪಕರಾದರು.

ಸಮಾಜದ ನಡೆಯನ್ನು ಆಕೆ ಹೇಗೆ ಕಲಿತರೆಂಬುದು ಇನ್ನೂ ಬೋಧಪ್ರದವಾಗಿದೆ. ೧೯೯೫ರಲ್ಲಿ ಪ್ರಕಟವಾದ ತಮ್ಮ ಕೃತಿಯಲ್ಲಿ ಲೋಕದ ನಿಯಮಗಳನ್ನು ಆಕೆ ನಾಲ್ಕು ವರ್ಗಗಳಾಗಿ ವಿಂಗಡಿಸಿದ್ದಾರೆ. ಕೊಲೆ, ಕಳವುಗಳಂತಹ ನಿಜವಾದ ದುಷ್ಕೃತ್ಯಗಳು ಒಂದು ವರ್ಗ. ಸೌಜನ್ಯದ ನಿಯಮಗಳು ಮತ್ತೊಂದು. ಕಾನೂನಿಗೆ ವಿರುದ್ಧವಾದರೂ ಅಷ್ಟೇನೂ ಕೆಡುಕಲ್ಲದವು ಮೂರನೆಯದು. ಮೇಲುನೋಟಕ್ಕೆ ಅಲ್ಪವೆನಿಸಿದರೂ ವ್ಯವಸ್ಥೆಯು ಕಠಿನವಾಗಿ ದಂಡಿಸುವಂತಹವು ನಾಲ್ಕನೆಯದು. ಸೂತ್ರಕಾರರು ಭಾಷೆಗೆ ಮಾಡಿದುದನ್ನು ಆಕೆ ನಡತೆಗೆ ಮಾಡಿಕೊಂಡರೆನ್ನಬಹುದು. ಪ್ರತಿಯೊಂದು ಪ್ರಸಂಗವನ್ನೂ ಚಿತ್ರಗಳಾಗಿ ನೆನಪಿನಲ್ಲಿಟ್ಟುಕೊಂಡು, ಹೊಸ ಪ್ರಸಂಗ ಬಂದಾಗ ಹಳೆಯದರೊಡನೆ ಹೋಲಿಸಿ ನೋಡುವುದು ಆಕೆಯ ಕ್ರಮ.

ಕೆಲಸದ ಆರಂಭದ ದಿನಗಳಲ್ಲಿ ಆಕೆ ಬೆಸುಗೆಗಾರನೊಬ್ಬನ ಕೆಲಸವನ್ನು ಹಕ್ಕಿಯ ಹಿಕ್ಕೆಗೆ ಹೋಲಿಸಿ ನಿಂದಿಸಿದರು. ಅಲ್ಲಿನ ಎಂಜಿನಿಯರು ಆಕೆಯನ್ನು ಪಕ್ಕಕ್ಕೆ ಕರೆದು, ಆ ಮಾತು ಏಕೆ ತಪ್ಪೆಂಬುದನ್ನು ತಿಳಿಸಿ, ಹೋಗಿ ಕ್ಷಮೆ ಕೇಳಬೇಕೆಂದು ಹೇಳಿದರು. ಆಕೆ ಹಾಗೆಯೇ ಮಾಡಿದರು. ಆ ಉಪಕಾರವನ್ನು ಆಕೆ ಮುಂದೆ ಎಷ್ಟೋ ಸಲ ಸ್ಮರಿಸಿದ್ದಾರೆ. ಹತ್ತು ಜನರ ಮುಂದೆ ಬೈದಿದ್ದರೆ ಅವಮಾನ ಮಾತ್ರ ಉಳಿಯುತ್ತಿತ್ತು. ಸುಮ್ಮನೆ ಮುಖ ಸಿಂಡರಿಸಿದ್ದರೆ ಅದರ ಅರ್ಥವೇ ಆಕೆಗೆ ಆಗುತ್ತಿರಲಿಲ್ಲ.

ಸ್ನೇಹದ ವಿಷಯದಲ್ಲಿ ಆಕೆಯ ಅನುಭವವು ಶರಣರ ಕಾಯಕತತ್ತ್ವವನ್ನು ನೆನಪಿಗೆ ತರುತ್ತದೆ. ಹರಟೆಯಿಂದ ಆಕೆಗೆ ಗೆಳೆಯರು ದೊರೆಯಲಿಲ್ಲ. ಕುದುರೆ, ವಿಜ್ಞಾನ, ಜಾನುವಾರು ಎಂದು ಒಂದೇ ಆಸಕ್ತಿಯುಳ್ಳವರೊಡನೆ ಕೂಡಿ ದುಡಿದಾಗ ದೊರೆತರು. ಉದ್ಯೋಗವನ್ನೂ ಆಕೆ ಮಾತಿನ ಜಾಣ್ಮೆಯಿಂದ ಗಳಿಸಲಿಲ್ಲ. ತಾವು ರಚಿಸಿದ ನಕ್ಷೆಗಳನ್ನು ಮುಂದಿಟ್ಟು ಗಳಿಸಿದರು.

ತೊಡಕು ಎರಡು ಕಡೆಯದು

ಇಷ್ಟರಿಂದ, ಕಲಿಯಬೇಕಾದವರು ಅವರು ಮಾತ್ರ ಎಂಬ ಭಾವನೆ ಹುಟ್ಟಬಾರದು. ಸ್ವತಃ ಸ್ವಲೀನತೆಯುಳ್ಳ ಬ್ರಿಟನ್ನಿನ ವಿದ್ವಾಂಸ ಡೇಮಿಯನ್ ಮಿಲ್ಟನ್ ಅವರು, ಈ ತೊಡಕು ಎರಡು ಕಡೆಯದೆಂದು ೨೦೧೨ರಲ್ಲಿ ಪ್ರತಿಪಾದಿಸಿದರು. ಅವರಿಗೆ ಉಳಿದವರ ಮನಸ್ಸು ತಿಳಿಯದಿರುವಂತೆಯೇ ಉಳಿದವರಿಗೂ ಅವರ ಮನಸ್ಸು ತಿಳಿಯುವುದಿಲ್ಲ. ೨೦೨೦ರಲ್ಲಿ ಪ್ರಕಟವಾದ ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಯೋಗವೊಂದರಲ್ಲಿ ಎಂಟೆಂಟು ಜನರ ಸಾಲುಗಳಲ್ಲಿ ಕಥೆಯೊಂದನ್ನು ಒಬ್ಬರಿಂದೊಬ್ಬರಿಗೆ ಹೇಳಿಸಲಾಯಿತು. ಸ್ವಲೀನತೆಯುಳ್ಳವರೇ ಇದ್ದ ಸಾಲು ಇತರರ ಸಾಲಿಗೆ ಸಮನಾಗಿ ಕಥೆಯನ್ನು ಮುಟ್ಟಿಸಿತು. ಇಬ್ಬರೂ ಬೆರೆತ ಸಾಲಿನಲ್ಲಿ ವಿವರಗಳು ಹೆಚ್ಚಾಗಿ ಕಳೆದುಹೋದವು. ೨೦೨೫ರಲ್ಲಿ ಪ್ರಕಟವಾದ ಇನ್ನೂ ದೊಡ್ಡ ಪ್ರಯೋಗದಲ್ಲಿ ಬೆರೆತ ಸಾಲೂ ಹಿಂದೆ ಬೀಳಲಿಲ್ಲ. ಇವರಿಗೆ ಸಂವಹನಶಕ್ತಿಯೇ ಇಲ್ಲವೆಂಬ ಮಾತಿಗೆ ಎರಡು ಪ್ರಯೋಗಗಳೂ ಆಸ್ಪದ ಕೊಡುವುದಿಲ್ಲ.

ಸಭ್ಯತೆಯೆಂಬುದು ಬಹುಮಟ್ಟಿಗೆ ರೂಢಿಯೆಂಬುದನ್ನು ಕಣ್ಣಿನ ನೋಟವೊಂದರಿಂದಲೇ ತಿಳಿಯಬಹುದು. ಅಮೆರಿಕದಲ್ಲಿ ಎದುರಿನವರ ಕಣ್ಣನ್ನು ನೋಡದೆ ಮಾತಾಡುವ ಬಾಲಕನು ಒರಟನೆನಿಸುತ್ತಾನೆ. ನಮ್ಮ ಹಳ್ಳಿಗಳಲ್ಲಿ ಗುರುಹಿರಿಯರ ಮುಂದೆ ದೃಷ್ಟಿ ತಗ್ಗಿಸುವುದೇ ವಿನಯ. ಕಣ್ಣಿಗೆ ಕಣ್ಣು ಕೂಡಿಸಿದರೆ ಸಂಕಟಪಡುವ ಮಗುವು ಒಂದೆಡೆ ಅಪರಾಧಿ, ಇನ್ನೊಂದೆಡೆ ವಿನೀತ! ರೂಢಿಯನ್ನು ಜನರೇ ಮಾಡಿದರೆಂದ ಮೇಲೆ ಅದನ್ನು ಸಡಿಲಿಸುವುದೂ ಜನರ ಕೈಯಲ್ಲಿಯೇ ಇದೆ.

ಹಾಗೆ ಸಡಿಲಿಸದಿದ್ದರೆ ಏನಾಗುವುದೆಂಬುದೂ ವಿಚಾರಣೀಯ. ಅನೇಕರು, ಅದರಲ್ಲಿಯೂ ಹೆಣ್ಣುಮಕ್ಕಳು, ಇತರರ ನಗೆಯನ್ನೂ ಮಾತಿನ ಧಾಟಿಯನ್ನೂ ಅನುಕರಿಸಿ ತಮ್ಮ ಸ್ವಭಾವವನ್ನು ಮರೆಮಾಡುತ್ತಾರೆ. ಹಗಲೆಲ್ಲ ವೇಷ ಧರಿಸಿದ ನಟನಂತೆ ಸಂಜೆಗೆ ದಣಿದು, ಖಿನ್ನರಾಗುತ್ತಾರೆ. ಶಾಲೆಯು ಅಂಥವರನ್ನು ‘ಒಳ್ಳೆಯ ಮಕ್ಕಳು’ ಎಂದು ಕರೆದು ನಿಶ್ಚಿಂತವಾಗಿರುತ್ತದೆ.

ವಿದ್ಯಾಸಂಸ್ಥೆಗಳ ಕರ್ತವ್ಯ

ಭಾರತದಲ್ಲಿ ೧೯೯೫ರ ಅಂಗವಿಕಲರ ಅಧಿನಿಯಮವು ಹೆಸರಿಸಿದ ಏಳು ವರ್ಗಗಳಲ್ಲಿ ಸ್ವಲೀನತೆಯು ಇರಲಿಲ್ಲ. ೧೯೯೯ರ ರಾಷ್ಟ್ರೀಯ ನ್ಯಾಸ ಅಧಿನಿಯಮವು ಅದನ್ನು ಒಳಗೊಂಡಿತು. ೨೦೧೬ರ ಅಧಿನಿಯಮದ ಇಪ್ಪತ್ತೊಂದು ವರ್ಗಗಳಲ್ಲಿ ಅದಕ್ಕೆ ಸ್ಥಾನ ದೊರೆಯಿತು. ಮಗುವಿನ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್‌ಗಳಿವೆ. ಆದರೆ ದಿನನಿತ್ಯದ ನೆರವು ದೊರೆಯಬೇಕಾದುದು ತರಗತಿಯಲ್ಲಿ, ನಿಲಯದಲ್ಲಿ, ಪ್ರಸಾದದ ಪಂಕ್ತಿಯಲ್ಲಿ.

ಅಧ್ಯಾಪಕರು ಇಂತಹ ಮಗುವಿನೊಡನೆ ವಾಚ್ಯಾರ್ಥದಲ್ಲಿಯೇ ಮಾತಾಡಬೇಕು: ‘ಹೊತ್ತು ಮುಳುಗಿತಲ್ಲ’ ಎನ್ನುವ ಬದಲು ‘ಆಟ ಸಾಕು, ಪ್ರಾರ್ಥನೆಗೆ ನಡೆ’ ಎನ್ನಬೇಕು. ತಪ್ಪನ್ನು ಏಕಾಂತದಲ್ಲಿ, ಕಾರಣಸಹಿತವಾಗಿ ತಿದ್ದಬೇಕು. ಜಾತ್ರೆ, ಅತಿಥಿಗಳ ಆಗಮನ ಮೊದಲಾದ ಬದಲಾವಣೆಗಳನ್ನು ಹಿಂದಿನ ದಿನವೇ ತಿಳಿಸಬೇಕು. ತಟ್ಟೆ ಲೋಟಗಳ ಸದ್ದಿಗೆ ಕಿವಿ ಮುಚ್ಚಿಕೊಳ್ಳುವವನನ್ನು ಪಂಕ್ತಿಗಿಂತ ಮೊದಲೇ ಉಣ್ಣಲು ಕೂರಿಸಿದರೆ ದಾಸೋಹಕ್ಕೆ ಊನವಾಗದು. ತೋಟದ ಕೆಲಸ, ಪುಸ್ತಕಭಂಡಾರದ ಕೆಲಸಗಳಲ್ಲಿ ಅವನಿಗೆ ಜೊತೆಗಾರನೊಬ್ಬನನ್ನು ಕೊಟ್ಟರೆ ಸ್ನೇಹವು ಅಲ್ಲಿಯೇ ಮೊಳೆಯಬಹುದು. ಹೀಯಾಳಿಸುವವರನ್ನು ತಡೆಯುವುದಂತೂ ಮೊದಲ ಕರ್ತವ್ಯ.

ಉದ್ಯೋಗದಾತರಾಗಿರುವ ಹಳೆಯ ವಿದ್ಯಾರ್ಥಿಗಳು, ಸಂದರ್ಶನದ ಮಾತುಗಾರಿಕೆಗೆ ಬದಲು ಅಭ್ಯರ್ಥಿಯ ಕೆಲಸವನ್ನು ನೋಡಿ ಆರಿಸಬಹುದು. ದಾನಿಗಳು ಕಟ್ಟಡಗಳ ಜೊತೆಗೆ ಸದ್ದಿಲ್ಲದ ಒಂದು ಕೊಠಡಿಗೂ, ತರಬೇತಿ ಪಡೆದ ಒಬ್ಬ ಅಧ್ಯಾಪಕರಿಗೂ ನೆರವಾದರೆ ಆ ದಾನವು ಸಾರ್ಥಕವಾಗುತ್ತದೆ.

ನುಡಿಗೂ ನಡೆಗೂ ಅಂತರವಿರಬಾರದೆಂಬುದು ಶರಣರ ಬೋಧೆ. ನುಡಿದುದನ್ನೇ ಅರ್ಥವೆಂದು ನಂಬುವ ಮಗುವಿನ ಮುಂದೆ ಆ ಬೋಧೆಯನ್ನು ಪಾಲಿಸುವುದು ಹಿರಿಯರಿಗೂ ಒಂದು ಸಾಧನೆಯೇ. ಅನ್ನ, ಅಕ್ಷರ, ಆಶ್ರಯಗಳನ್ನು ನೀಡುತ್ತ ಬಂದಿರುವ ಮಠದ ಶಾಲೆಗಳು ಇಂಥ ಮಕ್ಕಳಿಗೆ ಅರ್ಥವಾಗುವ ಮಾತನ್ನೂ ನೀಡುವಂತಾಗಲಿ.