ಗಾಳಿಮರಕ್ಕೆ ಕಾಗದದ ಒಡವೆ

ಡಿಸೆಂಬರ್ ಬಂತೆಂದರೆ ಮಂಗಳೂರಿನ ಅಂಗಡಿಗಳಲ್ಲಿ ಪ್ಲಾಸ್ಟಿಕ್ ಕ್ರಿಸ್ಮಸ್ ಮರ, ಮಿನುಗುವ ಚೆಂಡು, ಥರ್ಮೋಕೋಲಿನ ಹಿಮ ರಾಶಿ ಬೀಳುತ್ತವೆ. ನಮ್ಮ ಮನೆಯಲ್ಲಿ ಇವತ್ತಿಗೂ ಗಾಳಿಮರದ ಒಂದು ಕೊಂಬೆಯೇ ಕ್ರಿಸ್ಮಸ್ ಮರ. ಬಕೆಟ್ಟಿಗೆ ಒದ್ದೆ ಮರಳು ತುಂಬಿ ಕೊಂಬೆಯನ್ನು ನೆಟ್ಟಗೆ ನಿಲ್ಲಿಸಿ, ಬಕೆಟ್ ಕಾಣದ ಹಾಗೆ ಬಣ್ಣದ ಕಾಗದ ಸುತ್ತಿದರೆ ಆಯಿತು. ಆದರೆ ಈ ಮರಕ್ಕೆ ಅದರದ್ದೇ ಒಂದು ಹಟವಿದೆ. ನಾವು ಎಲೆ ಎಂದುಕೊಂಡಿರುವ ಹಸಿರು ಸೂಜಿಗಳು ನಿಜವಾಗಿ ಗಂಟುಗಂಟಾದ ಎಳೆ ಕಡ್ಡಿಗಳು. ಎಲೆಗಳು ಆ ಗಂಟುಗಳ ಸುತ್ತ ಕಣ್ಣಿಗೆ ಬೀಳದಷ್ಟು ಸಣ್ಣ ಹಲ್ಲುಗಳಾಗಿ ಉಳಿದಿವೆ. ಈ ಕಡ್ಡಿಗಳಿಗೆ ಭಾರ ಹೊರಲು ಬರುವುದಿಲ್ಲ. ಗಾಜಿನ ಚೆಂಡು ನೇತುಹಾಕಿದರೆ ಕಡ್ಡಿ ನೆಲ ನೋಡುತ್ತದೆ, ಚೆಂಡು ಜಾರಿ ಬೀಳುತ್ತದೆ. ಕಲೆಯ ಮೇಲಿನ ಪ್ರೀತಿಯಿಂದ ನಾನು ಕಾಗದ ಹಿಡಿದೆ ಎಂದರೆ ಸುಳ್ಳಾದೀತು. ಕಾಗದ ಬೇಕೆಂದು ಕೇಳಿದ್ದು ಮರವೇ.

ಕಾಗದದ ಅಲಂಕಾರ ಎಂದಕೂಡಲೇ "ಪಾಪ, ದುಡ್ಡಿಲ್ಲದವರ ಹಬ್ಬ" ಎಂಬ ಮುಖ ಮಾಡುವವರಿದ್ದಾರೆ. ಅವರಿಗೆ ನಾನು 1605ರ ಸ್ಟ್ರಾಸ್‌ಬರ್ಗಿನ ಸಂಗತಿ ಹೇಳುತ್ತೇನೆ. ಆ ಊರಿನಲ್ಲಿ ಜನ ಕ್ರಿಸ್ಮಸ್ಸಿಗೆ ಫರ್ ಮರವನ್ನು ಮನೆಯೊಳಗೆ ನಿಲ್ಲಿಸಿ, ಬಣ್ಣಬಣ್ಣದ ಕಾಗದದಿಂದ ಕತ್ತರಿಸಿದ ಗುಲಾಬಿಗಳನ್ನೂ ಸೇಬು, ಸಿಹಿತಿಂಡಿಗಳನ್ನೂ ಅದಕ್ಕೆ ತೂಗುಹಾಕುತ್ತಿದ್ದರೆಂದು ಒಬ್ಬ ಪ್ರವಾಸಿ ಬರೆದಿಟ್ಟಿದ್ದಾನೆ. ಅಲಂಕರಿಸಿದ ಕ್ರಿಸ್ಮಸ್ ಮರದ ಬಗ್ಗೆ ನಮಗೆ ಸಿಗುವ ತೀರಾ ಹಳೆಯ ವರ್ಣನೆಗಳಲ್ಲಿ ಇದೂ ಒಂದು. ಜರ್ಮನಿಯ ಲೌಶಾ ಎಂಬ ಊರಿನ ಗಾಜಿನ ಕುಲುಮೆಗಳಿಂದ ಗಾಜಿನ ಚೆಂಡುಗಳು ಬಂದದ್ದು 19ನೇ ಶತಮಾನದಲ್ಲಿ. ಗಾಜಿಗಿಂತ ಮೊದಲು ಮರದ ಮೇಲೆ ಕೂತದ್ದು ಕಾಗದ.

ನನಗೆ ಕಾಗದದ ಪಾಠವಾದದ್ದು ಅಪ್ಪನಿಂದ. ಅವರು ಪುಸ್ತಕ ಬೈಂಡಿಂಗ್ ಕೆಲಸದವರು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1841ರಲ್ಲಿ ಮುದ್ರಣಾಲಯ ಶುರುಮಾಡಿದ ಮೇಲೆ ಅಚ್ಚಿನ ಜೊತೆಗೆ ಬೈಂಡಿಂಗ್ ಕಸುಬೂ ಈ ಊರಿನಲ್ಲಿ ಬೇರೂರಿತು. ನಮ್ಮಂಥ ಎಷ್ಟೋ ಮನೆಗಳ ಒಲೆ ಉರಿದದ್ದು ಅದರಿಂದ. ಅಪ್ಪ ಯಾವ ಹಾಳೆಯನ್ನೇ ಆಗಲಿ ಮಡಚುವ ಮೊದಲು ಎರಡೂ ಕಡೆಗೆ ಮೆಲ್ಲಗೆ ಬಾಗಿಸಿ ನೋಡುತ್ತಿದ್ದರು. "ಗ್ರೇನ್ ಯಾವ ಕಡೆ ಉಂಟು ನೋಡಿಕೋ, ಆಮೇಲೆ ಮಡಚು" ಎನ್ನುತ್ತಿದ್ದರು. ಕಾರ್ಖಾನೆಯಲ್ಲಿ ಕಾಗದ ಯಂತ್ರದ ಮೇಲೆ ಹರಿದು ಬರುವಾಗ ನಾರುಗಳು ಹೆಚ್ಚಾಗಿ ಆ ಹರಿವಿನ ದಿಕ್ಕಿಗೇ ಮಲಗುತ್ತವೆ. ಆ ದಿಕ್ಕಿಗೆ ಮಡಚಿದರೆ ಗೆರೆ ನೇರ, ಅಂಚು ಚೂಪು. ಅಡ್ಡಕ್ಕೆ ಮಡಚಿದರೆ ಕಾಗದ ಮುನಿಯುತ್ತದೆ, ಮೇಲೆ ಹೊಳಪಿನ ಲೇಪ ಇದ್ದರಂತೂ ಮಡಿಕೆಯುದ್ದಕ್ಕೂ ಬಿರಿದು ಬಿಳಿ ಗೆರೆ ಕಾಣಿಸುತ್ತದೆ. ನಂಬಿಕೆ ಬಾರದಿದ್ದರೆ ಹಳೆಯ ದಿನಪತ್ರಿಕೆಯೊಂದನ್ನು ಮೇಲಿನಿಂದ ಕೆಳಕ್ಕೆ ಹರಿಯಿರಿ, ಸೀಳಿದ ಹಾಗೆ ನೇರವಾಗಿ ಬರುತ್ತದೆ. ಎಡದಿಂದ ಬಲಕ್ಕೆ ಹರಿದರೆ ದಾರಿ ತಪ್ಪಿ ಎಲ್ಲೆಲ್ಲಿಗೋ ಹೋಗುತ್ತದೆ.

ಸಂಡೇ ಸ್ಕೂಲಿನ ಮಕ್ಕಳಿಗೆ ಕಲಿಸುವಾಗ ನಾನು ಕತ್ತರಿ ಕೊಡುವ ಮೊದಲು ಈ ಹರಿಯುವ ಆಟವನ್ನೇ ಆಡಿಸುತ್ತೇನೆ. ಕತ್ತರಿ ಸಿಕ್ಕ ಕೂಡಲೇ ಮಕ್ಕಳು ಕತ್ತರಿಸಲು ಶುರುಮಾಡುತ್ತಾರೆ, ದೊಡ್ಡವರೂ ಅಷ್ಟೇ. ಆದರೆ ಕಾಗದದ ಒಡವೆ ಚೆನ್ನಾಗುವುದು ಮಡಿಕೆಯಲ್ಲಿ. ಮಡಿಕೆಯನ್ನು ಉಗುರಿನಿಂದ ತೀಡಿದರೆ ಹೊಳಪು ಗೀಚಿಹೋಗುತ್ತದೆ. ಬೈಂಡಿಂಗಿನವರ ಬೋನ್ ಫೋಲ್ಡರ್ ಇಲ್ಲದಿದ್ದರೆ ಸ್ಟೀಲ್ ಚಮಚದ ಬೆನ್ನು ಸಾಕು.

ಕಾಗದಕ್ಕಾಗಿ ದೂರ ಹೋಗುವುದೂ ಬೇಡ. ಅಂಗಡಿಯಲ್ಲಿ ಕೇಳುವಾಗ ಜಿಎಸ್‌ಎಂ ಎಷ್ಟೆಂದು ಕೇಳಿ, ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಜೆರಾಕ್ಸಿಗೆ ಬಳಸುವ ಬಣ್ಣದ ಹಾಳೆ 80 ಜಿಎಸ್‌ಎಂ, ಹೆಣಿಗೆಯ ಕೆಲಸಕ್ಕೆ ಅದು ಹೇಳಿಮಾಡಿಸಿದ್ದು. ಡಿಸೆಂಬರಿನಲ್ಲಿ ಹಳೆಯ ಕ್ಯಾಲೆಂಡರಿನ ಹನ್ನೊಂದು ಪುಟಗಳು ಕೆಲಸ ಮುಗಿಸಿ ಕೂತಿರುತ್ತವೆ. ಇನ್ನು ಮದುವೆ ಕಾಗದಗಳು! ಪ್ರತಿ ಮನೆಯ ಕಪಾಟಿನಲ್ಲೂ ಒಂದು ಕಟ್ಟು ಇದ್ದೇ ಇರುತ್ತದೆ. ದಪ್ಪ, ಗಟ್ಟಿ, ಮೇಲೆ ಚಿನ್ನದ ಬಣ್ಣದ ಅಚ್ಚು. ನೆರೆಹೊರೆಯವರು ನನಗಾಗಿ ಎತ್ತಿಟ್ಟು ಕೊಡುತ್ತಾರೆ. ಗಣಪತಿಯೋ ವೆಂಕಟರಮಣನೋ ಇರುವ ಭಾಗಕ್ಕೆ ನಾನು ಕತ್ತರಿ ಹಾಕುವುದಿಲ್ಲ. ಅದನ್ನು ಮೊದಲೇ ಬೇರೆ ಮಾಡಿ, ಕೊಟ್ಟವರಿಗೇ ಮರಳಿಸುತ್ತೇನೆ. ದೇವರ ಚಿತ್ರ ಬೇರೆ ಮನೆಯದಾದ ಮಾತ್ರಕ್ಕೆ ಅದರ ಮೇಲೆ ಕತ್ತರಿ ಆಡಿಸಬಹುದೆಂದು ನನಗೆ ಅನ್ನಿಸಿಲ್ಲ.

ಮೊದಲು ಕಲಿಯಬೇಕಾದದ್ದು ಡೆನ್ಮಾರ್ಕಿನ ಹೆಣೆದ ಹೃದಯ. ಎರಡು ಬಣ್ಣದ ಎರಡು ತುಂಡು, ಗೋಂದು ಬೇಕಿಲ್ಲ. ಹೆಣೆದಾದ ಮೇಲೆ ಬಾಯಿ ತೆರೆದರೆ ಅದೊಂದು ಪುಟ್ಟ ಸಂಚಿ. ಮಕ್ಕಳ ಕತೆಗಳ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಕಾಗದ ಕತ್ತರಿಸುವುದರಲ್ಲೂ ಪಳಗಿದ ಕೈ. ಅವನು 1860ರಲ್ಲಿ ಮಾಡಿದ ಹೃದಯವೇ ಇವುಗಳಲ್ಲಿ ಈಗ ಉಳಿದಿರುವ ಅತಿ ಹಳೆಯದು. 

ಇದರ ಅಳತೆ ಎ4 ಹಾಳೆಗೆ ಎಷ್ಟು ಚೆನ್ನಾಗಿ ಒಗ್ಗುತ್ತದೆಂದರೆ, ಹಾಳೆಯನ್ನು ಇದಕ್ಕೇ ಮಾಡಿದಂತಿದೆ. ಹಾಳೆಯ ಗಿಡ್ಡ ಬದಿ 21 ಸೆಂಟಿಮೀಟರ್. 7 ಸೆಂಟಿಮೀಟರ್ ಅಗಲದ ಪಟ್ಟಿಗಳನ್ನು ಈ 21ರ ಉದ್ದಕ್ಕೆ ಕತ್ತರಿಸಿದರೆ ಒಂದು ಹಾಳೆಗೆ ನಾಲ್ಕು ಸಿಗುತ್ತವೆ. ಪಟ್ಟಿಯನ್ನು ನಡುವೆ ಮಡಚಿ, ತೆರೆದಿರುವ ತುದಿಯನ್ನು ಅರ್ಧವೃತ್ತವಾಗಿ ಕತ್ತರಿಸಬೇಕು. ಮಡಿಕೆಯಿಂದ ಮೊದಲ 7 ಸೆಂಟಿಮೀಟರ್ ಚೌಕ, ಉಳಿದ ಮೂರೂವರೆ ದುಂಡು. ಇನ್ನು ಮಡಿಕೆಯ ಕಡೆಯಿಂದ ಸೀಳುಗಳನ್ನು ಹಾಕಬೇಕು. ಮಕ್ಕಳಿಗೆ ಎರಡು ಸೀಳು, ಅಂದರೆ ಮೂರು ಪಟ್ಟಿ ಸಾಕು. ಇಲ್ಲೊಂದು ಗುಟ್ಟಿದೆ: ಸೀಳು ಸರಿಯಾಗಿ 7 ಸೆಂಟಿಮೀಟರ್ ಇದ್ದರೆ ಕೊನೆಯ ಪಟ್ಟಿ ಹೆಣೆಯುವಾಗ ಜಗ್ಗಿ ಹರಿಯುತ್ತದೆ. ಎರಡು ಮೂರು ಮಿಲಿಮೀಟರ್ ಹೆಚ್ಚೇ ಸೀಳಿ, ಕಾಗದಕ್ಕೂ ದಪ್ಪ ಎಂಬುದೊಂದಿದೆ. ಹೆಣೆಯುವ ಕ್ರಮ ಚಾಪೆಯದ್ದಲ್ಲ. ಇಲ್ಲಿ ಪಟ್ಟಿಗಳು ಎರಡು ಪದರದವು, ಆದ್ದರಿಂದ ಒಂದರ ಹೊಟ್ಟೆಯೊಳಗೆ ಇನ್ನೊಂದು ತೂರಬೇಕು, ಅದರ ಮುಂದಿನದನ್ನು ತನ್ನ ಹೊಟ್ಟೆಯೊಳಗೆ ತೂರಿಸಿಕೊಳ್ಳಬೇಕು. ಮುಂದಿನ ಸಾಲಿನಲ್ಲಿ ಇದೇ ತಿರುವುಮುರುವು. ಮೇಲೆ ಕೆಳಗೆ ಎಂದು ಹೆಣೆದರೆ ಚೌಕಳಿ ಬರುತ್ತದೆ, ಸಂಚಿಯ ಬಾಯಿ ಮಾತ್ರ ತೆರೆಯುವುದಿಲ್ಲ. ಒಳಗೆ ಎರಡು ಚಾಕಲೇಟು, ನಾಲ್ಕು ಗೋಡಂಬಿ ಹಾಕಬಹುದು. ಕ್ರಿಸ್ಮಸ್ ತಿಂಡಿ ಕುಸ್ವಾರಿನ ಕರಿದ ನೆವ್ರಿ ಹಾಕಲು ಹೋಗಬೇಡಿ, ಕಾಗದ ಎಣ್ಣೆ ಕುಡಿದು ಕೆಡುತ್ತದೆ.

ಕಿಂಡರ್‌ಗಾರ್ಟನ್ನಿಗೆ ಆ ಹೆಸರಿಟ್ಟ ಫ್ರೆಡ್ರಿಕ್ ಫ್ರೋಬೆಲ್‌ನ ಹೆಸರಿನಲ್ಲಿ ಜರ್ಮನಿಯಲ್ಲೊಂದು ನಕ್ಷತ್ರವಿದೆ. ನಾಲ್ಕೇ ಪಟ್ಟಿ, 16 ಮೊನೆ, ಗೋಂದಿನ ಸೋಂಕಿಲ್ಲ. ಪಟ್ಟಿಯ ಉದ್ದ ಅಗಲಕ್ಕಿಂತ ಸುಮಾರು ಮೂವತ್ತು ಪಟ್ಟು ಇರಬೇಕು. ಎ4 ಹಾಳೆಯ ಉದ್ದ 29.7 ಸೆಂಟಿಮೀಟರ್ ಆದ್ದರಿಂದ ಒಂದೊಂದು ಸೆಂಟಿಮೀಟರಿನ ಪಟ್ಟಿ ಕತ್ತರಿಸಿದರೆ ಲೆಕ್ಕ ಕೂಡಿತು. ಆದರೆ ಹೀಗೆ ಕತ್ತರಿಸಿದ ಪಟ್ಟಿಯಲ್ಲಿ ಸಾಮಾನ್ಯವಾಗಿ ಗ್ರೇನ್ ಉದ್ದಕ್ಕೆ ಓಡುತ್ತದೆ, ಮಡಿಕೆಗಳೆಲ್ಲ ಅದಕ್ಕೆ ಅಡ್ಡ ಬೀಳುತ್ತವೆ. ಅದಕ್ಕೇ ಇದಕ್ಕೆ ದಪ್ಪ ಕಾಗದವೂ ಬೇಡ, ಕ್ಯಾಲೆಂಡರಿನ ಹೊಳಪು ಕಾಗದವೂ ಬೇಡ. ಪಟ್ಟಿಗಳನ್ನು ಅರ್ಧಕ್ಕೆ ಮಡಚಿ ಒಂದಕ್ಕೊಂದು ತೂರಿಸಿ ನಡುವಿನ ಚೌಕವನ್ನು ಬಿಗಿ ಮಾಡುವ ಹಂತದಲ್ಲಿ ಪೇಟೆಯ ಮಕ್ಕಳು ತಡವರಿಸುತ್ತಾರೆ. ತೆಂಗಿನ ಗರಿಯಲ್ಲಿ ಚೆಂಡು ಹೆಣೆದು ಗೊತ್ತಿರುವ ಹಳ್ಳಿಯ ಮಕ್ಕಳಿಗೆ ಹೇಳಿಕೊಡುವ ಅಗತ್ಯವೇ ಬೀಳುವುದಿಲ್ಲ, ಅವರ ಬೆರಳಿಗೆ ಆ ಹೆಣಿಗೆ ಮೊದಲೇ ಗೊತ್ತು. ಚಪ್ಪಟೆಯ ಎಂಟು ಮೊನೆಗಳಾದ ಮೇಲೆ ಎರಡೂ ಮುಖಗಳಲ್ಲಿ ನಾಲ್ಕು ನಾಲ್ಕು ಮೊನೆ ಎದ್ದು ನಿಲ್ಲಬೇಕು. ಅಲ್ಲಿ ಪಟ್ಟಿಯನ್ನು ಮಡಚಕೂಡದು, ಸುರುಳಿ ತಿರುಗಿಸಿ ತೂರಿಸಬೇಕು. ಇಡೀ ನಕ್ಷತ್ರ ಒಂದು ಗ್ರಾಂ ಸಹ ತೂಗುವುದಿಲ್ಲ. ಗಾಳಿಮರದ ತೀರಾ ತುದಿಯ ಕಡ್ಡಿಗೆ ಕಟ್ಟಿದರೂ ಕಡ್ಡಿಗೆ ಅದರ ಅರಿವಿರುವುದಿಲ್ಲ.

ಮದುವೆ ಕಾಗದಕ್ಕೆ ತಕ್ಕದ್ದು ಇಪ್ಪತ್ತು ಬಿಲ್ಲೆಗಳ ಚೆಂಡು. ಇಂಗ್ಲಿಷರ ಮನೆಗಳಲ್ಲಿ ಹಳೆಯ ಕ್ರಿಸ್ಮಸ್ ಕಾರ್ಡುಗಳಿಂದ ಮಾಡುತ್ತಿದ್ದರು. 4 ಸೆಂಟಿಮೀಟರ್ ವ್ಯಾಸದ 20 ಬಿಲ್ಲೆ ಕತ್ತರಿಸಿ, ಪ್ರತಿಯೊಂದರೊಳಗೆ ಒಂದು ಸಮಬಾಹು ತ್ರಿಕೋನ ಗುರುತಿಸಿ, ಅದರ ಮೂರೂ ಬದಿಯ ಅಂಚುಗಳನ್ನು ಮೇಲಕ್ಕೆ ಮಡಚಿ, ಅಂಚಿಗೆ ಅಂಚು ಅಂಟಿಸುತ್ತ ಹೋಗುವುದು. ಐದು ಬಿಲ್ಲೆ ಸೇರಿ ಮೇಲಿನ ಟೋಪಿ, ಐದು ಸೇರಿ ಕೆಳಗಿನದು, ಉಳಿದ ಹತ್ತು ಮೇಲೊಂದು ಕೆಳಗೊಂದು ಮೊನೆ ಮಾಡಿ ನಡುವಿನ ಪಟ್ಟಿ. ಪ್ರತಿ ಬಿಲ್ಲೆಗೂ ಬೇರೆ ಬೇರೆ ಅಳೆಯುತ್ತ ಕೂತರೆ ಕೆಲಸ ಕೆಡುತ್ತದೆ. ರಟ್ಟಿನಲ್ಲಿ ಮೂರೂವರೆ ಸೆಂಟಿಮೀಟರ್ ಬದಿಯ ಒಂದೇ ಒಂದು ತ್ರಿಕೋನ ಕತ್ತರಿಸಿಕೊಂಡು, ಇಪ್ಪತ್ತಕ್ಕೂ ಅದನ್ನೇ ಅಚ್ಚಾಗಿ ಬಳಸಬೇಕು. ಒಂದರಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೆ ಅದು ಕೊನೆಯ ಬಿಲ್ಲೆಯ ಹತ್ತಿರ ದೊಡ್ಡ ಸಂದಾಗಿ ಎದುರು ನಿಲ್ಲುತ್ತದೆ. ಮೇಲಿನ ಟೋಪಿ ಮುಚ್ಚುವ ಮೊದಲು ನೂಲಿನ ಗಂಟನ್ನು ಒಳಗೆ ಬಿಡಲು ಮರೆಯಬಾರದು. ಇದು ಆರು ಗ್ರಾಂ ಆಸುಪಾಸು ತೂಗುತ್ತದೆ, ಹಾಗಾಗಿ ಕೊಂಬೆಯ ಬುಡದ ಹತ್ತಿರ, ಗಟ್ಟಿ ಕಡ್ಡಿಗೆ ಇದರ ಜಾಗ.

ಈ ಚೆಂಡು ನನಗೆ ಇಷ್ಟವಾಗಲು ಬೇರೆ ಕಾರಣವಿದೆ. ಚಿನ್ನದ ಬಣ್ಣದ ಬದಿಗೇ ಅಂಚುಗಳನ್ನು ಮಡಚಿದರೆ ಹಿಂಬದಿಯ ಮುಹೂರ್ತ, ಊಟದ ಸಮಯ, ಕಲ್ಯಾಣಮಂಟಪದ ವಿಳಾಸ ಎಲ್ಲ ಚೆಂಡಿನೊಳಗೆ ಅಡಗಿಹೋಗುತ್ತವೆ. ಹೊರಗೆ ಎಲ್ಲಿ ನೋಡಿದರೂ ಮುಖವೇ. ಮರದ ಮೇಲಿನ ಒಡವೆಗೆ ಹಿಂಬದಿ ಎಂಬುದು ಇರಬಾರದು. ಒಬ್ಬ ಹುಡುಗ ನಕ್ಷತ್ರದ ಒಂದೇ ಬದಿಗೆ ಬಣ್ಣ ಬಳಿದು ಮುಗಿಯಿತೆಂದು ತಂದ.

"ಹಿಂಬದಿ ಯಾರು ನೋಡ್ತಾರೆ ಟೀಚರ್?"

"ನೇತು ಹಾಕಿ ನೋಡು ಮಾರಾಯ," ಎಂದೆ.

ಹೊಲಿಗೆಯ ನೂಲು ಹುರಿಗೊಂಡಿರುತ್ತದಲ್ಲ, ಭಾರ ಕಟ್ಟಿದ ಕೂಡಲೇ ಅದು ಬಿಚ್ಚಿಕೊಳ್ಳಲು ತಿರುಗುತ್ತದೆ. ನಕ್ಷತ್ರ ಒಮ್ಮೆ ಇತ್ತ ಒಮ್ಮೆ ಅತ್ತ ಸುತ್ತಿತು, ಬಣ್ಣವಿಲ್ಲದ ಬೆನ್ನು ಎಲ್ಲರಿಗೂ ಕಂಡಿತು. ಹುಡುಗ ಮಾತಾಡದೆ ಕುಂಚ ಎತ್ತಿಕೊಂಡು ಹೋದ.

ಅಂಟಿನ ಬಗ್ಗೆ ಎರಡು ಮಾತು. ಬೈಂಡಿಂಗಿಗೆ ಮೈದಾ ಕುದಿಸಿ ಅಂಟು ಮಾಡಿ, ಹುಳ ಬಾರದ ಹಾಗೆ ಮೈಲುತುತ್ತು ಬೆರೆಸುವ ರೂಢಿಯಿದೆ. ಮೈಲುತುತ್ತು ವಿಷ. ಬೆರಳು ನೆಕ್ಕುವ ಮಕ್ಕಳಿರುವ ಕಡೆ ಅದು ಸಲ್ಲದು, ಅದಿಲ್ಲದ ಮೈದಾ ಅಂಟನ್ನು ಜಿರಳೆ ಬಿಡುವುದಿಲ್ಲ. ಫೆವಿಕಾಲ್ ಸಾಕು, ಅದೂ ಬೆಂಕಿಕಡ್ಡಿಯ ತುದಿಯಲ್ಲಿ ಒಂದು ಚುಕ್ಕಿ. ನೀರು ಬೆರೆಸಿ ತೆಳುಮಾಡಿ ಬಳಿದರೆ ಕಾಗದ ಸುಕ್ಕುಗಟ್ಟುತ್ತದೆ. ಬಳಿದ ಮೇಲೆ ಬಟ್ಟೆಯ ಕ್ಲಿಪ್ ಹಾಕಿಟ್ಟು ಬೇರೆ ಕೆಲಸ ನೋಡಿಕೊಳ್ಳಿ.

ನಮ್ಮ ಕರಾವಳಿಯಲ್ಲಿ ದೊಡ್ಡ ಶತ್ರು ಮಳೆಗಾಲ. ಜನವರಿ 6ರ ಮೂವರು ಜ್ಞಾನಿಗಳ ಹಬ್ಬ ಕಳೆದ ಮೇಲೆ ಮರ ಬಿಚ್ಚಿ, ಒಡವೆಗಳನ್ನು ಹಾಗೇ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ಜುಲೈ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ. ಬಿಸ್ಕತ್ತಿನ ತಗಡಿನ ಡಬ್ಬಿ, ಒಳಗೆ ಚಪ್ಪಲಿ ಪೆಟ್ಟಿಗೆಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ, ಮುಚ್ಚಳದ ಸುತ್ತ ಒಂದು ಸುತ್ತು ಟೇಪು, ಇಷ್ಟಿದ್ದರೆ ಬಾಳುತ್ತವೆ. ಡಬ್ಬಿಗೆ ಹಾಕುವ ಮೊದಲು ಒಂದು ಹೊತ್ತು ಒಣಬಿಸಿಲಿನ ದಿನ ನೆರಳಿನಲ್ಲಿ ಹರಡಿಡಿ. ನೇರ ಬಿಸಿಲಿಗೆ ಅಗ್ಗದ ಬಣ್ಣದ ಹಾಳೆ ಮಾಸುತ್ತದೆ.

ದೀಪದ ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳುವುದಿಲ್ಲ. ಗಾಳಿಮರವನ್ನು ನಮ್ಮ ಕಡೆ ಬೆಳೆಸಿದ್ದೇ ಬಹುಮಟ್ಟಿಗೆ ಸೌದೆಗಾಗಿ. ಕಡಿದ ಕೊಂಬೆ ದಿನದಿಂದ ದಿನಕ್ಕೆ ಒಣಗುತ್ತದೆ, ಅದರ ಮೇಲೆ ಕಾಗದ ಬೇರೆ. ಮೇಣದ ಬತ್ತಿ ಬೇಡವೇ ಬೇಡ. ಬಿಸಿಯಾಗುವ ಹಳೆಯ ಸೀರಿಯಲ್ ಬಲ್ಬಿನ ಸರವೂ ಬೇಡ. ಎಲ್‌ಇಡಿ ಸರ ಹಾಕಿ, ಮಲಗುವ ಮೊದಲು ಪ್ಲಗ್ ಕಿತ್ತಿಡಿ. ಮನೆಯ ಹೊರಗೆ ತೂಗುವ ನಕ್ಷತ್ರಕ್ಕೂ ಇದೇ ನಿಯಮ. ಅಂದಹಾಗೆ ಆ ನಕ್ಷತ್ರಕ್ಕೆ ಬೇಕಾದ ಬಿದಿರ ಕಡ್ಡಿ, ಬಣ್ಣದ ಕಾಗದ ಎರಡೂ ದೀಪಾವಳಿಯ ಗೂಡುದೀಪ ಕಟ್ಟಿದವರ ಮನೆಯಲ್ಲಿ ಉಳಿದಿರುತ್ತವೆ, ಕೇಳಿ ತನ್ನಿ.

ಮಾಡುವ ಮನಸ್ಸಿದ್ದವರು ಡಿಸೆಂಬರ್ 23ರವರೆಗೆ ಕಾಯಬೇಡಿ. ಆ ಹೊತ್ತಿಗೆ ಅಡುಗೆಮನೆ ಯಾರನ್ನೂ ಬಿಡುವುದಿಲ್ಲ. ಅಡ್ವೆಂಟಿನ ಮೊದಲ ಭಾನುವಾರ ಮಕ್ಕಳನ್ನು ಕೂರಿಸಿಕೊಂಡು ಹೃದಯದಿಂದ ಶುರುಮಾಡಿ, ಆಮೇಲೆ ನಕ್ಷತ್ರ. ಇಪ್ಪತ್ತು ಬಿಲ್ಲೆಯ ಚೆಂಡನ್ನು ಮಕ್ಕಳು ಮಲಗಿದ ಮೇಲೆ ನೀವೇ ಮಾಡಿಕೊಳ್ಳಿ, ಅದಕ್ಕೆ ಬೇಕಾದ ತಾಳ್ಮೆ ಅವರಿಗಿಲ್ಲ.